ಬಂಗಾರದ ಊರಿನಲ್ಲಿ ಪಹಣಿ ಯಾರ ಹತ್ತಿರ?

ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಯಾರ ಮನೆಯ ಹುಡುಗನನ್ನಾದರೂ ಪೊಲೀಸರು ಕರೆದೊಯ್ದರೆ ಸಂಜೆಯೊಳಗೆ ಕೇಳಿಬರುವ ಪ್ರಶ್ನೆ ಒಂದೇ: ಶ್ಯೂರಿಟಿ ಯಾರು ಹಾಕ್ತಾರೆ?

ಬೇರೆ ತಾಲ್ಲೂಕುಗಳಲ್ಲಿ ಇದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಎರಡೆಕರೆ ರಾಗಿ ಹೊಲ ಇರುವ ಮಾವನೋ ದೊಡ್ಡಪ್ಪನೋ ಪಹಣಿ, ಆಧಾರ್, ಫೋಟೋ ಹಿಡಿದು ಕೋರ್ಟಿಗೆ ಬಂದರೆ ಕೆಲಸ ಮುಗಿಯಿತು. ಕೆಜಿಎಫ್‌ನ ಕಥೆ ಬೇರೆ. ಇಲ್ಲಿನ ಲೈನ್ ಮನೆಗಳು, ಅಂದರೆ ಕಾರ್ಮಿಕರ ಸಾಲುಮನೆಗಳು, ಗಣಿ ಕಂಪನಿಯವು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು; 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋಯಿತು; 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು; 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಒಡೆಯರು ಬದಲಾಗುತ್ತಾ ಹೋದರು, ಒಳಗಿದ್ದವರು ಮಾತ್ರ ಬಿಡಾರದವರಾಗಿಯೇ ಉಳಿದರು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವರ ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಜನರ ಹೆಸರಿನಲ್ಲಿ ನೆಲದ ಮೇಲೆ ಒಂದು ಗುಂಟೆಯೂ ಇಲ್ಲ. ಹಾಗಾಗಿ ಜಾಮೀನು ಮಂಜೂರಾದರೂ ಜಾಮೀನುದಾರನಿಗಾಗಿ ಸುತ್ತಲಿನ ರೈತರ ಮನೆಬಾಗಿಲು ತಟ್ಟಬೇಕು.

ಈ ಸಂಕಟ ಕಾನೂನಿಗೆ ಹೊಸದೇನಲ್ಲ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿದರು. ಸಹೋದರ ಶ್ಯೂರಿಟಿಗೆ ಬಂದರೆ, ಅವನ ಆಸ್ತಿ ಇನ್ನೊಂದು ಜಿಲ್ಲೆಯಲ್ಲಿದೆ ಎಂದು ಅದನ್ನೂ ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮ್ಯಾಜಿಸ್ಟ್ರೇಟರನ್ನು ತರಾಟೆಗೆ ತೆಗೆದುಕೊಂಡು, ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಅವನನ್ನು ಬಿಡಿಸಿದರು. ಜಾಮೀನು ಸಿಗಬಹುದಾದ ಅಪರಾಧವಾಗಿದ್ದರೆ ಬಿಡುಗಡೆ ಆರೋಪಿಯ ಹಕ್ಕು, ಠಾಣೆಯಲ್ಲೇ ಕೊಡಬಹುದು. ಒಂದು ವಾರ ಕಳೆದರೂ ಶ್ಯೂರಿಟಿ ಹೊಂದಿಸಲಾಗದಿದ್ದವನನ್ನು ಬಡವನೆಂದೇ ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಮೂ ಅದನ್ನೇ ಹೇಳುತ್ತದೆ. ಜಾಮೀನು ಸಿಗದ ಅಪರಾಧಗಳಲ್ಲಿ ತೀರ್ಮಾನ ನ್ಯಾಯಾಧೀಶರದು. ಅಲ್ಲಿ ಜಾಮೀನು ಸಿಕ್ಕಿಯೂ ಏಳು ದಿನದಲ್ಲಿ ಹೊರಬರದಿದ್ದರೆ ಜೈಲಿನ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಪುಸ್ತಕದಲ್ಲಿ ಇಷ್ಟೆಲ್ಲ ಇದೆ. ಲೈನ್ ಮನೆಯ ತಾಯಿಗೆ ಮಾತ್ರ ಪಹಣಿಯದೇ ಚಿಂತೆ.

ಊರಿನವರಿಗೆ ಕಾನೂನು ದೂರವಾದರೂ ಪೊಲೀಸರು ಎಂದೂ ದೂರವಿರಲಿಲ್ಲ. ಒಂದೇ ಕಂದಾಯ ಜಿಲ್ಲೆಯಾದ ಕೋಲಾರದಲ್ಲಿ ಕೆಜಿಎಫ್‌ಗೆ ಇಂದಿಗೂ ಪ್ರತ್ಯೇಕ ಪೊಲೀಸ್ ವರಿಷ್ಠಾಧಿಕಾರಿ ಇದ್ದಾರೆ. ಗಣಿಯ ಕಾಲ ಬಿಟ್ಟುಹೋದ ಏರ್ಪಾಡು ಅದು. ಬಂಗಾರ ಕದಿಯಬಹುದಾದವನು ಎಂಬ ಅನುಮಾನ ಇಲ್ಲಿ ಕಾರ್ಮಿಕನ ಬೆನ್ನಿಗೇ ಅಂಟಿಕೊಂಡಿತ್ತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮ ತಂದಾಗ ಗಣಿ ಕೆಲಸವೇ ನಿಂತಿತು. ಕೂಲಿ ಏರಿಕೆಗೆ ಮುಷ್ಕರ ಹೂಡುವುದು ಎಲ್ಲ ಕಡೆಯೂ ಇದೆ. ನಮ್ಮನ್ನು ಕಳ್ಳರ ಪಟ್ಟಿಗೆ ಸೇರಿಸಬೇಡಿ ಎಂದು ಹೂಡಿದ ಮುಷ್ಕರ ಎಂದೇ ನಾನಂತೂ ಅದನ್ನು ಓದುತ್ತೇನೆ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿಗೆ 303ನೇ ಕಲಂ. ಮೊದಲ ಬಾರಿಯ ತಪ್ಪು, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು, ಅದನ್ನು ಮರಳಿಸಿದರೆ ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ. ಇದು ತೊಂಬತ್ತು ವರ್ಷ ಮೊದಲೇ ಬಂದಿದ್ದರೆ ಎನ್ನಿಸುತ್ತದೆ.

ಬಂಧನವಾದ ದಿನ ಮನೆಯವರು ತಿಳಿದಿರಬೇಕಾದದ್ದು ಇಷ್ಟು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಂವಿಧಾನದ 22ನೇ ವಿಧಿಯ ಮಾತಿದು. ಬಂಧನದ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ಬಂಗಾರಪೇಟೆಯಲ್ಲಿ ನಡೆದದ್ದಕ್ಕೆ ರಾಬರ್ಟ್‌ಸನ್‌ಪೇಟೆ ಠಾಣೆಯಲ್ಲೂ ದೂರು ಕೊಡಬಹುದು, ಸರಹದ್ದಿನ ನೆಪ ನಡೆಯದು. ಆರೋಪಿ ಜೈಲಿನಲ್ಲಿದ್ದು, ಅಪರಾಧದ ತೂಕಕ್ಕೆ ತಕ್ಕಂತೆ 60 ಅಥವಾ 90 ದಿನದಲ್ಲಿ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಕೇಳುವುದು ಹಕ್ಕು. ಆದರೆ ಕೇಳಬೇಕು; ಕೇಳದೆ ಕೂತರೆ ಆ ಹಕ್ಕು ಕೈಜಾರುತ್ತದೆ. ಮುಂದಿನದು ದೋಷಾರೋಪಣೆ, ಸಾಕ್ಷಿ, ಪಾಟೀಸವಾಲು, ವಾದ, ತೀರ್ಪು. ಬರೆದರೆ ಒಂದು ಸಾಲು, ನಡೆದರೆ ವರ್ಷಗಳು. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಮೂರು ವರ್ಷದವರೆಗೆ ಶಿಕ್ಷೆ ಕೊಡಬಲ್ಲರು, ಕೊಲೆಯಂಥ ಮೊಕದ್ದಮೆಗಳು ಸತ್ರ ನ್ಯಾಯಾಲಯಕ್ಕೆ ಹೋಗುತ್ತವೆ.

ಇಲ್ಲಿ ಇನ್ನೊಂದು ತೊಡಕಿದೆ. ಕೋರ್ಟಿನ ಕಾಗದ ಕನ್ನಡದ್ದೋ ಇಂಗ್ಲಿಷಿನದೋ, ಊರಿನ ಮನೆಮಾತು ಬಹುಪಾಲು ತಮಿಳು, ಸುತ್ತಲಿನ ಹಳ್ಳಿಗಳಲ್ಲಿ ತೆಲುಗೂ ಉಂಟು. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ತೆರೆದ ನ್ಯಾಯಾಲಯದಲ್ಲೇ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕೆಂದು ಕಾನೂನೇ ಹೇಳುತ್ತದೆ. ಕೆಜಿಎಫ್‌ನಂಥ ಊರಿಗೆಂದೇ ಬರೆದ ಹಾಗಿದೆ ಆ ಮಾತು. ಅರ್ಥವಾಗಲಿಲ್ಲ ಎಂದು ಕಟಕಟೆಯಲ್ಲಿ ನಿಂತು ಹೇಳುವ ಧೈರ್ಯ ಎಷ್ಟು ಜನರಿಗೆ ಬಂದೀತು?

ಆ ಧೈರ್ಯ ತುಂಬಬೇಕಾದದ್ದು ತಾಲ್ಲೂಕು ಕಾನೂನು ಸೇವಾ ಸಮಿತಿ. ಅರ್ಜಿ ಕೊಟ್ಟರೆ ವಕೀಲರನ್ನು ಉಚಿತವಾಗಿ ನೇಮಿಸುತ್ತದೆ; 15100ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಎಲ್ಲರೂ ಅರ್ಹರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮಿನ ಆ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕರೂ ಇದ್ದಾರೆ. ಗಣಿಯಲ್ಲಿ ದುಡಿಯುತ್ತಿದ್ದವನಿಗೆ ಬೇರೆ ಯಾವ ಪ್ರಮಾಣಪತ್ರವೂ ಬೇಡವಾಗಿತ್ತು, ಕೆಲಸವೇ ಸಾಕಿತ್ತು. ಆದರೆ ಕಾಯಿದೆ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಗಣಿಗೆ ಆಗ ಉಳಿದಿದ್ದ ಆಯುಸ್ಸು ಆರು ವರ್ಷವೂ ಇಲ್ಲ.

ಆ ಕಾರ್ಮಿಕರ ಮಕ್ಕಳು ಈಗ ಬೆಳಗಿನ ರೈಲು ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ವಾಯಿದೆಯ ದಿನ ರೈಲು ತಪ್ಪುತ್ತದೆ, ಕೂಲಿ ಹೋಗುತ್ತದೆ. ಕೂಲಿಗೆ ಹೋದರೆ ವಾರಂಟ್ ಬರುತ್ತದೆ. ವಕೀಲರ ಮೂಲಕ ಹಾಜರಾತಿ ವಿನಾಯಿತಿ ಕೇಳಲು ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವಕಾಶವಿದೆ, ಒಪ್ಪುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಒಂದೇ ಪುಟದ ಅಂಥ ಅರ್ಜಿಯೊಂದಿದೆ ಎಂಬುದು ಮಾರಿಕುಪ್ಪಂನಲ್ಲಿ ರೈಲು ಹತ್ತುವ ಎಷ್ಟು ಜನರಿಗೆ ಗೊತ್ತೋ.