ಖಣಿ ನೀರಿಗೆ ಜಿಗಿಯೋ ಮುಂಚೆ ಮೇಲೆ ಹತ್ತೋ ದಾರಿ ನೋಡ್ರಿ

ಮಳೆಗಾಲ ಮುಗಿಯುತ್ತಿದ್ದಂತೆ ಸುಲೇಪೇಟದ ಚಹಾ ಅಂಗಡಿ, ಪಂಚರ್ ಅಂಗಡಿ ಮುಂದೆ ಬೈಕ್ ನಿಲ್ಲಿಸಿ ಹುಡುಗರು ಕೇಳ್ತಾರೆ: "ಅಣ್ಣಾ, ಮ್ಯಾಲಿಂದ ಜಿಗೀಲಿಕ್ಕ ನೀರು ಎಲ್ಲಿ ಅದರಿ?" ದಾರಿ ತೋರಿಸುವವರೂ ಹೋಗುವವರೂ ಕೆಲವು ಸಂಗತಿ ತಿಳಿದಿರಬೇಕು.

ಚಿಂಚೋಳಿ ಕಡೆಯ ಎತ್ತಿಪೋತ ಜಲಪಾತ ನೋಡಲಿಕ್ಕೆ ಚಂದ, ಜಿಗಿಯಲಿಕ್ಕಲ್ಲ. ನೀರು ಬೀಳುವ ಜಾಗದಲ್ಲಿ ಕೆಳಗಿನ ಬಂಡೆ ಕಾಣೋದಿಲ್ಲ. ನೊರೆ ನೀರಿನಲ್ಲಿ ಮೈ ತೇಲುವುದೂ ಕಡಿಮೆ. ಚಂದ್ರಂಪಳ್ಳಿ ಜಲಾಶಯ ಇರೋದು ವನ್ಯಜೀವಿ ಧಾಮದಲ್ಲಿ, ಅರಣ್ಯ ಸಿಬ್ಬಂದಿಯನ್ನು ಕೇಳದೆ ನೀರಿಗೆ ಇಳಿಯಬೇಡಿ. ಕಾಗಿಣಾ ಕೆಂಪಗೆ ಹರಿಯುವಾಗಂತೂ ಮಾತೇ ಬೇಡ. 2025ರ ಫೆಬ್ರುವರಿಯಲ್ಲಿ ಗಂಗಾವತಿ ಹತ್ತಿರದ ಸಣಾಪುರದಲ್ಲಿ ಬಂಡೆ ಮೇಲಿಂದ ತುಂಗಭದ್ರೆಗೆ ಜಿಗಿದ ಪ್ರವಾಸಿಯೊಬ್ಬರು ಸೆಳವಿಗೆ ಸಿಕ್ಕಿ ಜೀವ ಕಳಕೊಂಡರು. ಅದು ಮಳೆಗಾಲವೂ ಆಗಿರಲಿಲ್ಲ.

ನಮ್ಮ ಕಡೆ ಹುಡುಗರನ್ನು ಹೆಚ್ಚು ಸೆಳೆಯೋದು ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಲಿನ ಹಳೇ ಪರ್ಸಿ ಖಣಿಗಳು. ಹಸಿರು ನೀರು, ನೆಟ್ಟಗಿನ ಗೋಡೆ, ಜಿಗಿಯಲಿಕ್ಕೇ ಮಾಡಿಟ್ಟಂಗ ಕಾಣ್ತದ. ಮೋಸ ಇರೋದೇ ಅಲ್ಲಿ. ಶಹಾಬಾದ್ ಕಲ್ಲು ಪದರು ಪದರಾಗಿ ಏಳ್ತದೆ. ಹಂಗಾಗಿ ಖಣಿಯ ತಳ ಒಂದೇ ಸಮ ಇರೋದಿಲ್ಲ. ಇಲ್ಲಿ ಎರಡಾಳು ಆಳ, ನಾಲ್ಕು ಹೆಜ್ಜೆ ಆಚೆ ಮೊಳಕಾಲುದ್ದ. ಬೇಡವಾದ ಚೂರುಕಲ್ಲು ಅಂಚಿಗೇ ಬಿದ್ದಿರ್ತದೆ. ನಿಂತ ಪದರೇ ಕಾಲಡಿ ಜಾರಬಹುದು. ಜಿಗಿದ ಮೇಲೆ ಗೋಡೆ ಹಿಡಿದು ಹತ್ತಲಿಕ್ಕೆ ಹಿಡಿತವೇ ಸಿಗೋದಿಲ್ಲ. ಹಿಂದೆ ಕಲ್ಲು ಸಾಗಿಸಿದ ಇಳಿಜಾರು ದಾರಿಯೊಂದೇ ಹೊರಬರುವ ಬಾಗಿಲು. ಅದು ಎದುರು ದಂಡೆಯಲ್ಲಿದ್ದರೆ ಅಲ್ಲೀತನಕ ಈಜುವ ಕಸುವು ಇದೆಯಾ ಅಂತ ಮೊದಲೇ ನೋಡ್ಕೋಬೇಕು. ಇನ್ನು ಸಿಮೆಂಟ್ ಕಾರ್ಖಾನೆಗಳ ಗಣಿಗೆ ಕಾಲಿಡಲೇಬೇಡಿ, ಅಲ್ಲಿ ಸ್ಫೋಟ ನಡೀತದೆ.

ಎತ್ತರದ ಲೆಕ್ಕ ಸರಳ. 3 ಮೀಟರ್‌ನಿಂದ, ಅಂದರೆ ಒಂದು ಮಹಡಿಯಿಂದ ಬಿದ್ದರೆ ನೀರಿಗೆ ತಾಗುವ ವೇಗ ಗಂಟೆಗೆ ಸುಮಾರು 28 ಕಿ.ಮೀ.; 10 ಮೀಟರ್ ಆದರೆ 50. ಸ್ಪರ್ಧೆಗಳಲ್ಲಿ 10 ಮೀಟರ್ ವೇದಿಕೆ ಕೆಳಗೆ ಸುಮಾರು 5 ಮೀಟರ್ ನೀರು ಇಟ್ಟಿರ್ತಾರೆ. ಖಣಿಯಲ್ಲಿ ಅಳೆದವರು ಯಾರು? ಹೋದ ವರ್ಷ ಜಿಗಿದ ಜಾಗ ಈ ವರ್ಷ ಅಷ್ಟೇ ಆಳ ಇರೋದಿಲ್ಲ.

ಜಿಗಿಯಲೇಬೇಕು ಅನ್ನೋರಿಗೆ ನನ್ನ ಮಟ್ಟಿಗೆ ಪರಿಚಯದವರ ಹೊಲದ, ಮೆಟ್ಟಿಲಿರುವ ಬಾವಿ ಮೇಲು. ಮಾಲೀಕರನ್ನು ಕೇಳಿ, ಮೋಟಾರ್ ಸ್ವಿಚ್ ಬಂದ್ ಮಾಡಿಸಿ. ಮೆಟ್ಟಿಲಿಂದ ಇಳಿದು, ಕಲ್ಲು ಕಟ್ಟಿದ ಹಗ್ಗದಿಂದ ನಾಲ್ಕೈದು ಕಡೆ ಆಳ ನೋಡಿ. ತಲೆ ಕೆಳಗಾಗಿ ಬ್ಯಾಡ, ಕಾಲು ಮೊದಲು. ಈಜು ಬಲ್ಲ ಇಬ್ಬರು ದಂಡೆಯಲ್ಲೇ ಇರಲಿ. ಕುಡಿದವರನ್ನು ಬೈಕಿನ ಹತ್ತಿರವೇ ಕೂರಿಸಿ.

ಯಾರಾದರೂ ಮುಳುಗಿದರೆ ಹಿಂದೆಯೇ ಜಿಗಿಯಬೇಡಿ, ಹಂಗ ಮಾಡಿದರೆ ಒಂದು ಹೆಣದ ಜೊತೆ ಎರಡಾಗ್ತದೆ. ಹಗ್ಗ, ಸೀರೆ, ಗಾಳಿ ತುಂಬಿದ ಟ್ಯೂಬ್, ಖಾಲಿ ಕ್ಯಾನ್ ಎಸೆದು 112ಕ್ಕೆ ಫೋನ್ ಮಾಡಿ. ಕುತ್ತಿಗೆಗೆ ಪೆಟ್ಟಾಗಿದ್ದರೆ ತಲೆ ಅಲುಗಾಡಿಸದೆ 108 ಕರೀರಿ. ಖಣಿ ದಾರಿಯ ಅಂಗಡಿಯವರು ಒಂದು ಹಳೇ ಟ್ಯೂಬು, ಉದ್ದನೆ ಹಗ್ಗ ಒಳಗಿಟ್ಟುಕೊಂಡರೆ ಹೆಚ್ಚಿನ ಖರ್ಚೇನೂ ಇಲ್ಲ.