ಬಾನುಲಿಯ ಅಂಕಿತ

ಹಾಸನದಿಂದ ಬರುವ ರಸ್ತೆ ಹಗರೆಯಲ್ಲಿ ಕವಲೊಡೆದು, ಒಂದು ಬೇಲೂರಿಗೂ ಇನ್ನೊಂದು ಹಳೇಬೀಡಿಗೂ ಸಾಗುತ್ತದೆ. ಬೇಲೂರಿನ ಮದನಿಕೆಯರನ್ನು ಕಂಡು ಬೆರಗಾಗದವರಿಲ್ಲ. ಆದರೆ ಅವುಗಳ ಪೀಠದ ಮೇಲಿನ ಬರಹವನ್ನು ಗಮನಿಸುವವರು ಕಡಮೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ಅಲ್ಲಿ ತಮ್ಮ ಹೆಸರನ್ನು ಕೆತ್ತಿದ್ದಾರೆ. ವಚನಕಾರರೂ ಹರಿದಾಸರೂ ತಮ್ಮ ರಚನೆಗಳಿಗೆ ಅಂಕಿತವನ್ನಿಟ್ಟರು. ‘ಇದು ಯಾರದು?’ ಎಂಬ ಪ್ರಶ್ನೆಗೆ ಉತ್ತರ ಕೃತಿಯಲ್ಲಿಯೇ ಇರಬೇಕೆಂಬುದು ನಮ್ಮ ಹಳೆಯ ವಾಡಿಕೆ. ಬಾನುಲಿಗಂತೂ ಇದು ಇನ್ನೂ ಅಗತ್ಯ. ಏಕೆಂದರೆ ಅಲ್ಲಿ ಮಾತನಾಡುವವನ ಮುಖ ಕಾಣುವುದಿಲ್ಲ.

ಒಂದು ಬಾನುಲಿ ಕೇಂದ್ರ ಕೆಲವೇ ಕ್ಷಣಗಳಲ್ಲಿ ತನ್ನ ಗುರುತನ್ನು ಹೇಳುವ ಧ್ವನಿತುಣುಕುಗಳನ್ನು ಬರೆದು ತಯಾರಿಸುವುದೇ ಒಂದು ಪ್ರತ್ಯೇಕ ಕಲೆ. ಪ್ರಸಾರದ ಆರಂಭಕ್ಕೆ ಒಂದು ಗುರುತಿನ ರಾಗ, ಕಾರ್ಯಕ್ರಮಗಳ ನಡುವೆ ಹೆಸರು ಹೇಳುವ ಒಂದು ಸಾಲು, ಹಾಡಿ ಹೇಳುವುದಾದರೆ ಜಿಂಗಲ್—ಇವೆಲ್ಲ ಇದರಲ್ಲಿ ಸೇರುತ್ತವೆ.

ಈ ವಿಷಯದಲ್ಲಿ ಕನ್ನಡ ನಾಡಿಗೆ ವಿಶೇಷ ಸ್ಥಾನವುಂಟು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ 1950ರ ದಶಕದಲ್ಲಿ ಇಡೀ ಭಾರತದ ಬಾನುಲಿ ಸಂಸ್ಥೆ ತನ್ನದಾಗಿಸಿಕೊಂಡಿತು. ಬೆಳಗಿನ ಪ್ರಸಾರಕ್ಕೆ ಮುನ್ನ ಕೇಳಿಬರುವ, ತಂಬೂರಿಯ ಶ್ರುತಿಯ ಮೇಲೆ ಪಿಟೀಲು ನುಡಿಯುವ ಗುರುತಿನ ರಾಗವನ್ನು 1930ರ ದಶಕದಲ್ಲಿ ಸಂಯೋಜಿಸಿದವರು ಮುಂಬಯಿ ಕೇಂದ್ರದಲ್ಲಿದ್ದ ವಾಲ್ಟರ್ ಕೌಫ್‌ಮನ್ ಎಂಬ ಯೆಹೂದಿ ಸಂಗೀತಗಾರರು. ನಾಜಿಗಳ ಕಾಲದ ಯೂರೋಪನ್ನು ಬಿಟ್ಟು ಬಂದವರೊಬ್ಬರು ಶಿವರಂಜನಿಯ ಛಾಯೆಯಲ್ಲಿ ಕಟ್ಟಿದ ಆ ಸ್ವರಗಳು ನಮ್ಮವೇ ಆಗಿಬಿಟ್ಟವು. ಅದರಲ್ಲಿ ಮಾತೇ ಇಲ್ಲ; ಆದರೂ ಗುರುತು ತಪ್ಪುವುದಿಲ್ಲ. ನಿತ್ಯವೂ ಅದೇ ಹೊತ್ತಿಗೆ, ಅದೇ ರೀತಿಯಲ್ಲಿ ಕೇಳಿಬರುವುದೇ ಅದರ ಬಲ.

ಇನ್ನು ಮಾತಿನ ಅಂಕಿತವನ್ನು ಬರೆಯುವ ಬಗೆ. ‘ನೀವು ಆಕಾಶವಾಣಿಯ ಹಾಸನ ಕೇಂದ್ರದ ಪ್ರಸಾರವನ್ನು ಕೇಳುತ್ತಿದ್ದೀರಿ’ ಎಂಬ ವಾಕ್ಯದಲ್ಲಿ 24 ಅಕ್ಷರಗಳಿವೆ. ವ್ಯಾಕರಣದಲ್ಲಿ ದೋಷವಿಲ್ಲ. ಆದರೆ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಹೆಸರು ನಡುವೆ ಹೂತುಹೋಗಿ, ಕಿವಿಯಲ್ಲಿ ಉಳಿಯುವುದು ‘ಕೇಳುತ್ತಿದ್ದೀರಿ’ ಎಂಬುದಷ್ಟೇ. ‘ಇದು ಆಕಾಶವಾಣಿ, ಹಾಸನ’ ಎಂದರೆ ಹತ್ತೇ ಅಕ್ಷರ. ಊರಿನ ಹೆಸರು ಕೊನೆಗೆ ನಿಂತು ಮನಸ್ಸಿನಲ್ಲಿ ಉಳಿಯುತ್ತದೆ. ಓದುಗನು ಹಿಂದಿನ ಸಾಲಿಗೆ ಮರಳಬಲ್ಲ, ಕೇಳುಗನು ಮರಳಲಾರ. ಆದುದರಿಂದ ಬರೆದುದನ್ನು ಗಟ್ಟಿಯಾಗಿ ಓದಿ, ಉಸಿರು ಎಲ್ಲಿ ನಿಲ್ಲುತ್ತದೆಂದು ನೋಡಿದ ಮೇಲೆಯೇ ಒಪ್ಪಬೇಕು.

ತಯಾರಿಕೆಯಲ್ಲಿ ಸಂಗೀತ ಮಾತಿಗೆ ದಾರಿಬಿಡಬೇಕು. ನಮ್ಮ ಕಡೆಯ ಆಡುಮಾತಿನಲ್ಲಿ ಹಕಾರ ಮೊದಲೇ ಜಾರುತ್ತದೆ. ಹಾಸನ ‘ಆಸನ’ವಾಗುತ್ತದೆ, ಹಗರೆ ‘ಅಗರೆ’ಯಾಗುತ್ತದೆ. ಹಕಾರ ಬರಿಯ ಉಸಿರಿನ ಧ್ವನಿ. ಮೃದಂಗವೋ ಗಿಟಾರೋ ಅದೇ ಕ್ಷಣದಲ್ಲಿ ಗಟ್ಟಿಯಾಗಿ ನುಡಿದರೆ ಅದು ಮುಳುಗಿಹೋಗುತ್ತದೆ. ಆದುದರಿಂದ ಹೆಸರಿಗೆ ಮುಂಚೆ ವಾದ್ಯವನ್ನು ತಗ್ಗಿಸಿ, ಹೆಸರಾದ ಮೇಲೆ ಅರೆಕ್ಷಣ ಮೌನವನ್ನು ಉಳಿಸಬೇಕು. ಧ್ವನಿಮುದ್ರಣ ಕೊಠಡಿಯ ಒಳ್ಳೆಯ ಯಂತ್ರದಲ್ಲಿ ಕೇಳಿ ತೃಪ್ತಿಪಟ್ಟರೆ ಸಾಲದು. ಅಡಿಗೆಮನೆಯ ಒಗ್ಗರಣೆಯ ಸದ್ದಿನಲ್ಲೂ ಓಡುವ ಬಸ್ಸಿನಲ್ಲೂ ಅದು ತಿಳಿಯುವಂತಿರಬೇಕು.

ಇದೆಲ್ಲ ಬರಿಯ ಅಲಂಕಾರವೆಂದು ಕೆಲವರು ಭಾವಿಸಬಹುದು. ಹಿಂದೆ ಊರಲ್ಲಿ ಡಂಗುರ ಸಾರುವವನು ತಮಟೆ ಬಡಿದು ಜನರನ್ನು ಕರೆಯುತ್ತಿದ್ದ. ಅಪ್ಪಣೆ ಯಾರದೆಂದು ತಿಳಿದ ಮೇಲೆಯೇ ಜನ ಆ ಮಾತಿಗೆ ಬೆಲೆ ಕೊಡುತ್ತಿದ್ದರು. ಇಂದು ಯಾರ ದನಿಯನ್ನಾದರೂ ಯಂತ್ರದಿಂದ ಹುಟ್ಟಿಸಬಹುದಾದ ಕಾಲ. ಹೇಮಾವತಿಗೆ ನೆರೆ ಬಂದಿದೆಯೆಂದೋ ಪರೀಕ್ಷೆ ಮುಂದೆ ಹೋಗಿದೆಯೆಂದೋ ಮೊಬೈಲಿನಲ್ಲಿ ಹೆಸರಿಲ್ಲದ ದನಿಯೊಂದು ಹೇಳಿದರೆ ನಂಬುವುದು ಹೇಗೆ? ಆದರೆ ಅಂಕಿತವೊಂದೇ ಸತ್ಯಕ್ಕೆ ಜಾಮೀನಲ್ಲ. ಅದನ್ನೂ ನಕಲು ಮಾಡಬಹುದು. ಹೆಸರು ಹೇಳಿದವನು ಹೇಳಿದ್ದಕ್ಕೆ ಹೊಣೆಯಾಗಿ, ತಪ್ಪಾದಾಗ ಅದೇ ಹೆಸರಿನಲ್ಲಿ ತಿದ್ದಿ ಹೇಳಿದಾಗ ಮಾತ್ರ ಅದಕ್ಕೆ ಬೆಲೆ.

2002ರಿಂದ ವಿದ್ಯಾಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಪರವಾನಗಿ ದೊರೆಯುವಂತಾಗಿದೆ. ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ 2004ರಲ್ಲಿಯೇ ಆರಂಭವಾಯಿತು. ನಮ್ಮಂಥ ಕಾಲೇಜಿಗೂ ಅಂಥ ದಿನ ಬಂದರೆ ಯಂತ್ರಗಳನ್ನು ಹಣ ಕೊಟ್ಟು ತರಬಹುದು, ಅಂಕಿತವನ್ನು ತರಲಾಗದು. ಅದನ್ನು ನಾವೇ ಬರೆಯಬೇಕು, ನಮ್ಮ ಊರಿನ ನಾಲಿಗೆಯಲ್ಲಿ ನುಡಿಯಬೇಕು, ನಮ್ಮ ನಡತೆಯಿಂದ ಉಳಿಸಿಕೊಳ್ಳಬೇಕು.