ಊಜಿ ಕಂಡವರ ‘ಏಲಿಯನ್’

ಹುಳು ಮನೆಯ ಕಿಟಕಿಗೆ ಹೊಡೆದ ನೈಲಾನ್ ಬಲೆಯ ಮೇಲೆ, ಹೊರಗಡೆಯಿಂದ, ಒಂದು ನೊಣ ಕೂತಿದೆ. ಮನೆನೊಣಕ್ಕಿಂತ ದೊಡ್ಡದು. ಬೂದುಗಪ್ಪು ಮೈ, ಬೆನ್ನ ಮೇಲೆ ಉದ್ದಕ್ಕೆ ನಾಲ್ಕು ಕಪ್ಪು ಗೀರು, ಹೊಟ್ಟೆಯ ತುದಿಯಲ್ಲಿ ಒರಟು ರೋಮ. ಹಾರಿಹೋಗುವ ಆತುರ ಅದಕ್ಕಿಲ್ಲ. ಬಲೆಯ ಮೇಲೆ ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತದೆ, ಮುಂಗಾಲು ಉಜ್ಜುತ್ತದೆ, ಮತ್ತೆ ನಡೆಯುತ್ತದೆ. ಒಳಗೆ ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ರೇಷ್ಮೆ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುತ್ತಿವೆ. ನೊಣಕ್ಕೆ ಬೇಕಾಗಿರುವುದು ಆ ಹುಳುಗಳ ಮೈ. ಇದು ಊಜಿ.

ನಾನು ಈ ಊಜಿ ಕಂಡ ಊರು ನಿಡಘಟ್ಟ. ಹೊರಗಿನವರಿಗೆ ಅದು ಗೊತ್ತಿರುವುದು ರಸ್ತೆಯ ಹೆಸರಾಗಿ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು ಎರಡು ಭಾಗ ಮಾಡಿ ಕಟ್ಟಿದಾಗ ಮೊದಲ ಭಾಗ ಬಂದು ಮುಗಿದದ್ದು, ಎರಡನೆಯದು ಶುರುವಾದದ್ದು ಇಲ್ಲಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಬಹಳ ಜನ ಈ ಊರನ್ನು ನೋಡದೆಯೇ ದಾಟುತ್ತಾರೆ. ಹೆದ್ದಾರಿ ಬಿಟ್ಟು ಒಳಕ್ಕೆ ಹೋದರೆ ರಾಗಿ, ತೆಂಗು, ಕಬ್ಬು, ನಡುನಡುವೆ ಹಿಪ್ಪುನೇರಳೆ ಕಡ್ಡಿಯ ಸಾಲು. ಇಲ್ಲಿಯವರಿಗೆ ಗೂಡಿನ ಮಾರುಕಟ್ಟೆ ಎಂದರೆ ಚನ್ನಪಟ್ಟಣ ದಾಟಿದರೆ ಸಿಗುವ ರಾಮನಗರ.

ಇಂಥದೊಂದು ಹುಳು ಸಾಕುವ ಮನೆಯ ಪಡಸಾಲೆಯಲ್ಲಿ ‘ಏಲಿಯನ್’ ಸಿನಿಮಾ ನೋಡಿದೆವು. ರಿಡ್ಲಿ ಸ್ಕಾಟ್ ನಿರ್ದೇಶಿಸಿ 1979ರಲ್ಲಿ ಬಿಡುಗಡೆಯಾದ ಚಿತ್ರ. ಬೆಂಗಳೂರಿನಲ್ಲಿ ಓದುವ ಮೊಮ್ಮಗ ತನ್ನ ಫೋನನ್ನು ಟೀವಿಗೆ ಜೋಡಿಸಿ ಹಾಕಿದ್ದ. ರಾತ್ರಿಯ ಸೊಪ್ಪು ಹಾಕಿ ಆಗಿತ್ತು. ಅವನ ಅಜ್ಜಿ, ಸೊಸೆ, ಪಕ್ಕದ ಮನೆಯ ಹಿರಿಯರು, ನಾನು. ಇಂಗ್ಲಿಷ್ ಮಾತನ್ನು ಹುಡುಗ ಆಗಾಗ ಬಿಡಿಸಿ ಹೇಳುತ್ತಿದ್ದ.

ಕತೆ ಹಲವರಿಗೆ ಗೊತ್ತಿರಬಹುದು. ಏಳು ಜನರಿರುವ ಸರಕು ಸಾಗಣೆಯ ಅಂತರಿಕ್ಷ ನೌಕೆ ಒಂದು ಅನಾಮಿಕ ಗ್ರಹಕ್ಕೆ ಇಳಿಯುತ್ತದೆ. ಅಲ್ಲಿ ಸಾಲುಸಾಲು ಮೊಟ್ಟೆ. ಬಗ್ಗಿ ನೋಡಿದ ಕೇನ್ ಎಂಬವನ ಮುಖಕ್ಕೆ ಮೊಟ್ಟೆಯೊಳಗಿನ ಜೀವಿ ಅಂಟಿಕೊಳ್ಳುತ್ತದೆ. ಅವನನ್ನು ಹೊತ್ತು ತಂದವರಿಗೆ ಬಾಗಿಲು ತೆರೆಯಲು ರಿಪ್ಲಿ ಎಂಬ ಅಧಿಕಾರಿ ಒಪ್ಪುವುದಿಲ್ಲ. ರೋಗ ಒಳಗೆ ಬರಬಾರದು, ನಿಯಮ ಇದೆ ಎನ್ನುತ್ತಾಳೆ. ಆದರೆ ಆ್ಯಶ್ ಎಂಬ ಇನ್ನೊಬ್ಬ ತೆರೆದುಬಿಡುತ್ತಾನೆ. ಮುಖದ ಮೇಲಿನ ಜೀವಿ ತಾನೇ ಉದುರಿ ಸಾಯುತ್ತದೆ. ಕೇನ್ ಎದ್ದು ಕೂರುತ್ತಾನೆ, ಹಸಿವು ಎನ್ನುತ್ತಾನೆ, ಎಲ್ಲರ ಜೊತೆ ಊಟಕ್ಕೆ ಕೂರುತ್ತಾನೆ. ಊಟದ ನಡುವೆ ಅವನ ಎದೆ ಸೀಳಿಕೊಂಡು ಮರಿ ಹೊರಗೆ ಬರುತ್ತದೆ.

ಆ ದೃಶ್ಯಕ್ಕೆ ಸೊಸೆ ಎದ್ದು ಅಡುಗೆಮನೆಗೆ ಹೋದಳು. ಹುಡುಗನಿಗೆ ಏನೂ ಅನಿಸಲಿಲ್ಲ. ಸಿನಿಮಾ ತುಂಬ ನಿಧಾನ, ಮೊದಲ ಮುಕ್ಕಾಲು ಗಂಟೆ ಏನೂ ನಡೆಯುವುದಿಲ್ಲ ಎಂಬುದು ಅವನ ದೂರು. ಪಕ್ಕದ ಮನೆಯವರ ತಕರಾರು ಕೊನೆಯ ಭಾಗದ ಬಗ್ಗೆ. ರಿಪ್ಲಿ ತಪ್ಪಿಸಿಕೊಳ್ಳುವ ಹೊತ್ತಿನಲ್ಲಿ ಬೆಕ್ಕನ್ನು ಹುಡುಕಿಕೊಂಡು ಹಿಂದಕ್ಕೆ ಹೋಗುತ್ತಾಳಲ್ಲ, “ಬೆಕ್ಕಿಗೋಸ್ಕರ ಯಾರಾದ್ರೂ ಪ್ರಾಣ ಕಳ್ಕೊತಾರಾ?” ಎಂದರು. ಸೊಸೆ ಬಾಗಿಲಲ್ಲೇ ನಿಂತು, “ಜೊತೇಲಿ ಉಳ್ದಿರೋ ಜೀವ ಅದೊಂದೇ ಅಲ್ವಾ ಮಾವ” ಎಂದಳು. ಇಬ್ಬರೂ ಬಿಟ್ಟುಕೊಡಲಿಲ್ಲ.

ಅಜ್ಜಿ ಎದೆ ಸೀಳುವ ದೃಶ್ಯವನ್ನು ಕಣ್ಣು ಮಿಟುಕಿಸದೆ ನೋಡಿದರು. ಅವರು ಬೆಚ್ಚಿದ್ದು ಅದಕ್ಕೂ ಬಹಳ ಮುಂಚೆ, ಆ್ಯಶ್ ಬಾಗಿಲು ತೆರೆದಾಗ. “ಅಯ್ಯೋ, ಒಳಿಕ್ಕೆ ಬುಟ್ಬುಟ್ನಲ್ಲಾ!” ಎಂದು ಕೂಗಿಯೇಬಿಟ್ಟರು. ಮುಗಿದ ಮೇಲೆ ಮೊಮ್ಮಗ ಕೇಳಿದಾಗಲೂ ಅವರ ತೀರ್ಪು ಅದೇ: “ಬಾಗ್ಲು ತಗ್ದವ್ನೇ ಕೊಂದವ್ನು ಕಣ್ ಮಗ. ಹುಳ ಏನ್ ಮಾಡದು, ಅದ್ರ ಕೆಲ್ಸ ಅದು ಮಾಡ್ತು.”

ಬೆಳಿಗ್ಗೆ ಅವರ ಜೊತೆ ಹುಳು ಮನೆಗೆ ಹೋದಾಗ ಈ ಮಾತಿನ ತೂಕ ತಿಳಿಯಿತು. ಒಂದು ಹುಳುವನ್ನು ಎತ್ತಿ ಅಂಗೈ ಮೇಲೆ ಇಟ್ಟರು. ಮೈಯ ಪಕ್ಕದಲ್ಲಿ, ಎರಡು ಉಂಗುರಗಳ ಸಂದಿನಲ್ಲಿ, ಒಂದು ಕರಿ ಚುಕ್ಕೆ. ಊಜಿ ಅಲ್ಲಿ ಗುಂಡುಸೂಜಿಯ ತಲೆಯಷ್ಟು ಬಿಳಿ ಮೊಟ್ಟೆ ಇಟ್ಟಿತ್ತು. ಎರಡು ಮೂರು ದಿನಕ್ಕೆ ಮೊಟ್ಟೆ ಒಡೆದು ಮರಿ ನೇರ ಒಳಕ್ಕೆ ಕೊರೆಯುತ್ತದೆ. ಕೊರೆದ ಜಾಗ ಕಪ್ಪಾಗುತ್ತದೆ, ಮುಚ್ಚುವುದಿಲ್ಲ. ಭೂತಗನ್ನಡಿ ಹಿಡಿದರೆ ಚುಕ್ಕೆಯ ನಡುವೆ ಸಣ್ಣ ತೂತು ಕಾಣುತ್ತದೆ. ಮರಿ ತನ್ನ ಬಾಲದ ತುದಿಯನ್ನು ಆ ತೂತಿಗೆ ಹೊಂದಿಸಿಕೊಂಡು ಅದರ ಮೂಲಕ ಉಸಿರಾಡುತ್ತದೆ. ಬಾಯಿ ಒಳಗಡೆ, ಮೇಯುತ್ತಿರುತ್ತದೆ. ಹುಳುವೂ ಮೇಯುತ್ತಿರುತ್ತದೆ. ಅಂಗೈ ಮೇಲಿನ ಆ ಹುಳು ಕೂಡ ತಲೆ ಎತ್ತಿ ಸೊಪ್ಪಿಗಾಗಿ ತಡಕಾಡುತ್ತಿತ್ತು. ಊಟಕ್ಕೆ ಕೂತ ಕೇನ್ ನೆನಪಾದ.

ಸುಮಾರು ಒಂದು ವಾರಕ್ಕೆ ಮರಿ ಬಲಿಯುತ್ತದೆ. ಹುಳು ಎಳೆಯದಾಗಿದ್ದಾಗ ಮೊಟ್ಟೆ ಬಿದ್ದಿದ್ದರೆ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ತಡವಾಗಿ ಬಿದ್ದಿದ್ದರೆ ಹುಳು ಹಣ್ಣಾಗಿ, ಗೂಡು ಕಟ್ಟಲು ಇಟ್ಟ ಬಿದಿರಿನ ಚಂದ್ರಿಕೆಗೆ ಹತ್ತಿ, ಚೆಂದದ ಗೂಡನ್ನೇ ಕಟ್ಟುತ್ತದೆ. ಆಮೇಲೆ ಊಜಿ ಮರಿ ಹುಳುವನ್ನೂ ಗೂಡನ್ನೂ ತೂತು ಮಾಡಿಕೊಂಡು ಬರುತ್ತದೆ. ತೂತುಬಿದ್ದ ಗೂಡಿನ ನೂಲು ಒಂದೇ ಎಳೆಯಾಗಿ ಬಿಚ್ಚುವುದಿಲ್ಲ. ನೂಲು ತೆಗೆಯುವ ರೀಲರ್ ಅದನ್ನು ಮುಟ್ಟುವುದಿಲ್ಲ. ಹೊರಬಿದ್ದ ಮರಿ ಬೆಳಕಿಗೆ ಬೆನ್ನು ಮಾಡಿ ಗೋಡೆಯ ಬಿರುಕು, ನೆಲದ ಸಂದು ಹುಡುಕಿ, ಒಂದು ದಿನದೊಳಗೆ ಕಂದು ಚಿಪ್ಪಿನ ಕೋಶವಾಗುತ್ತದೆ. ಹತ್ತು ಹನ್ನೆರಡು ದಿನಕ್ಕೆ ಮತ್ತೆ ನೊಣ.

ಸಿನಿಮಾ ಬರೆದವರು ಇಂಥ ಕೀಟಗಳ ಬದುಕನ್ನು ಮನುಷ್ಯನ ಮೈಗೆ ಹೊರಿಸಿದ್ದಾರೆ, ಬಹುಮಟ್ಟಿಗೆ ಸರಿಯಾಗಿಯೇ. ಒಂದು ಕಡೆ ನನಗೆ ಒಪ್ಪಿಗೆಯಿಲ್ಲ. ಎದೆಯಿಂದ ಬಂದ ಗೇಣುದ್ದದ ಮರಿ ಕೆಲವೇ ಗಂಟೆಗಳಲ್ಲಿ ಆಳೆತ್ತರವಾಗುತ್ತದೆ, ಏನು ತಿಂದು ಎಂದು ಚಿತ್ರ ತೋರಿಸುವುದಿಲ್ಲ. ಊಜಿಗೆ ಹಾಗೆ ಬೆಳೆಯಲಾಗದು. ನೊಣದ ರೆಕ್ಕೆ, ಕಾಲು, ರೋಮ ಎಲ್ಲದರ ಸಾಮಗ್ರಿ ಹುಳು ತಿಂದ ಸೊಪ್ಪಿನಿಂದಲೇ ಬಂದದ್ದು.

ಮತಭೇದ ಈ ಪಡಸಾಲೆಯದಷ್ಟೇ ಅಲ್ಲ. ಬಿಡುಗಡೆಯಾದಾಗ ಇದನ್ನು ಅಂತರಿಕ್ಷಕ್ಕೆ ಸಾಗಿಸಿದ ದೆವ್ವದ ಮನೆ ಕತೆ ಎಂದು ತಳ್ಳಿಹಾಕಿದವರಿದ್ದರು; 2002ರಲ್ಲಿ ಅಮೆರಿಕ ಇದನ್ನು ಕಾಪಾಡಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಸಿನಿಮಾ ಬಿಡಿ, ಮೂಲ ಕೀಟವನ್ನೇ ನೋಡಿ ತಳಮಳಗೊಂಡವರಿದ್ದಾರೆ. ಜೀವಂತ ಕಂಬಳಿಹುಳುವಿನ ಒಳಗೆ ಮೇಯುವ ಕಣಜವನ್ನು ಕರುಣಾಳು ದೇವರು ಬೇಕೆಂದೇ ಸೃಷ್ಟಿಸಿದ ಎಂದು ನಂಬಲು ತನ್ನಿಂದಾಗದು ಎಂದು ಚಾರ್ಲ್ಸ್ ಡಾರ್ವಿನ್ 1860ರ ಮೇ ತಿಂಗಳಲ್ಲಿ ಗೆಳೆಯ ಏಸಾ ಗ್ರೇಗೆ ಬರೆದ. ಅಜ್ಜಿಗೆ ಆ ತಳಮಳವಿಲ್ಲ. ಅದರ ಕೆಲಸ ಅದು ಮಾಡಿತು ಎನ್ನುವಷ್ಟು ಹತ್ತಿರದಿಂದ ಅವರು ಊಜಿಯನ್ನು ನೋಡಿದ್ದಾರೆ.

ನನ್ನ ಮಟ್ಟಿಗೆ, ಆ ರಾತ್ರಿ ಚಿತ್ರವನ್ನು ಸರಿಯಾಗಿ ನೋಡಿದವರು ಅವರೇ. ಊಜಿ ನಮ್ಮ ಸೀಮೆಯದಲ್ಲ. ಬಂಗಾಳದ ರೇಷ್ಮೆ ಬೆಳೆಗಾರರಿಗೆ ಅದು ಹಳೆಯ ಕಾಟ, ಕರ್ನಾಟಕದಲ್ಲಿ ಇರಲಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ತಂದ ಬಿತ್ತನೆ ಗೂಡಿನ ಜೊತೆ ಬಂತು, ‘ಏಲಿಯನ್’ ತೆರೆಕಂಡ ಮರುವರ್ಷ. ಗೂಡು ಹೊರಗಿನಿಂದ ನೋಡಲು ಚೆನ್ನಾಗಿಯೇ ಇದ್ದಿರಬೇಕು. ಹೊತ್ತು ತಂದವರಿಗೂ ಒಳಗೇನಿದೆ ಎಂಬ ಅಂದಾಜು ಇರಲಿಕ್ಕಿಲ್ಲ. ಇಂದು ಪ್ರತಿ ಹುಳು ಮನೆಗೂ ಬಲೆ, ಎರಡು ಬಾಗಿಲು, ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆಗೆಯಬೇಕೆಂಬ ಕಟ್ಟುನಿಟ್ಟು ಬಂದದ್ದು ಹೀಗೆ. ಹುಡುಗ ಬೇಸರಪಟ್ಟುಕೊಂಡ ಆ ಮೊದಲ ಮುಕ್ಕಾಲು ಗಂಟೆಯಲ್ಲೇ ಚಿತ್ರದ ನಿಜವಾದ ಭಯ ಇದೆ: ಬಾಗಿಲು ತೆರೆದಾಗಿದೆ, ಎಲ್ಲರೂ ಆರಾಮಾಗಿದ್ದಾರೆ.

ಚಿತ್ರದಲ್ಲಿಲ್ಲದ ಇನ್ನೊಂದು ಜೀವಿಯ ಬಗ್ಗೆಯೂ ಹೇಳಬೇಕು. ಚಂದ್ರಿಕೆಯ ಬಳಿ ನೇತುಹಾಕಿದ ಪುಟ್ಟ ಚೀಲದಿಂದ ಧೂಳಿನ ಕಣದಷ್ಟು ಕಣಜಗಳು ಹೊರಬರುತ್ತಿದ್ದವು. ನೆಸೋಲಿಂಕ್ಸ್ ಥೈಮಸ್ ಎಂದು ವಿಜ್ಞಾನದ ಹೆಸರು. ನೆಲದ ಸಂದಿನಲ್ಲಿರುವ ಊಜಿಯ ಕೋಶವನ್ನು ಹುಡುಕಿ, ಚಿಪ್ಪು ಚುಚ್ಚಿ, ಅದರೊಳಗೆ ಮೊಟ್ಟೆ ಇಡುತ್ತದೆ. ನೊಣ ಬರಬೇಕಾದ ಕೋಶದಿಂದ ಹತ್ತಾರು ಕಣಜ ಬರುತ್ತವೆ. ರೇಷ್ಮೆ ಹುಳುವಿಗೆ ಇದರಿಂದ ತೊಂದರೆಯಿಲ್ಲ. ಊಜಿ ಹುಳುವಿಗೆ ಮಾಡಿದ್ದನ್ನೇ ಈ ಕಣಜ ಊಜಿಗೆ ಮಾಡುತ್ತದೆ. ಆದರೆ ಇದನ್ನು ನೋಡಿ ಹೇಸಿದವರನ್ನು ನಾನು ಕಂಡಿಲ್ಲ.

ಹುಳು ಸಾಕುವವರಲ್ಲಿ ಒಂದು ವಿನಂತಿ. ಗೂಡು ಬಿಡಿಸಿದ ಮೇಲೆ ಚಂದ್ರಿಕೆಯ ಕೆಳಗೆ, ಮಾರುಕಟ್ಟೆಗೆ ಒಯ್ದ ಚೀಲದ ತಳದಲ್ಲಿ ಊಜಿ ಮರಿಗಳು ಉಳಿದಿರುತ್ತವೆ. ಹಿತ್ತಲಿಗೆ ಕೊಡವಬೇಡಿ. ಆರಿಸಿ ಸೋಪು ನೀರಿಗೆ ಹಾಕಿ. ನೀವು ಕೊಡವಿದ ಮರಿ ನೊಣವಾಗಿ ಹಾರುವುದು ಪಕ್ಕದವರ ಹುಳು ಮನೆಗೆ.